ಹತ್ತು ಮೆಗಾಹರ್ಟ್ಸ್‌ನಲ್ಲಿ ಗಾಳಿಯ ಅಲೆ ಹಿಡಿಯುವುದು ಹೇಗೆ?

ಶಾರ್ಟ್‌ವೇವ್ ಕೇಳುವವರಿಗೆ ಇದು ಹೊಸದಲ್ಲ: ದೂರದ ಸ್ಟೇಷನ್ ಸ್ವಲ್ಪ ಹೊತ್ತು ಗಟ್ಟಿಯಾಗಿ ಕೇಳಿ, ಅರ್ಧ ಗಂಟೆಯಲ್ಲಿ ಕ್ಷೀಣಿಸಿ, ಮತ್ತೆ ಏರುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದಾದ ವಾತಾವರಣದ ಗುರುತ್ವ ಅಲೆಯನ್ನು ಮನೆಯಲ್ಲೇ ಕೂತು ಗ್ರಾಫ್ ಮೇಲೆ ಹಿಡಿಯಬಹುದು. 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಪತ್ತೆಹಚ್ಚಿದ, ಕಪ್ಪುಕುಳಿಗಳಿಂದ ಬಂದ ತರಂಗಗಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಪ್ಪಟ ಗಾಳಿಯ ವ್ಯವಹಾರ.

ಗುಡುಗು ಮೋಡವೋ ಬೆಟ್ಟಸಾಲೋ ಗಾಳಿಯನ್ನು ಮೇಲಕ್ಕೆ ತಳ್ಳಿತೆನ್ನಿ. ಏರಿದ ಗಾಳಿ ತಣ್ಣಗಾಗಿ, ಸುತ್ತಲಿನದಕ್ಕಿಂತ ಭಾರವಾಗಿ ಕೆಳಗಿಳಿಯುತ್ತದೆ. ಇಳಿದ ರಭಸಕ್ಕೆ ತನ್ನ ನೆಲೆ ದಾಟಿ ಹೋಗಿ, ಮತ್ತೆ ಮೇಲೆ ಬರುತ್ತದೆ, ನೀರಿನಲ್ಲಿ ಅದುಮಿ ಬಿಟ್ಟ ತೆಂಗಿನಕಾಯಿಯ ಹಾಗೆ. ಈ ಓಲಾಟ ಅಲೆಯಾಗಿ ಹಬ್ಬುತ್ತದೆ. ಮೇಲೆ ಹೋದಂತೆ ಗಾಳಿ ವಿರಳವಾಗುವುದರಿಂದ ಅಲೆ ದೊಡ್ಡದಾಗುತ್ತ ಹೋಗುತ್ತದೆ. 200–300 ಕಿ.ಮೀ. ಎತ್ತರದ ಅಯಾನುಗೋಳದಲ್ಲಿ ಓಲಾಡುವ ಗಾಳಿ ವಿದ್ಯುತ್ ಕಣಗಳನ್ನೂ ಭೂಮಿಯ ಕಾಂತರೇಖೆಗಳ ಉದ್ದಕ್ಕೆ ಎಳೆದಾಡುತ್ತದೆ. ಈ ನಂಟನ್ನು ಗಣಿತದಲ್ಲಿ ಕಟ್ಟಿಕೊಟ್ಟವರು ಕೆನಡಾದ ಕಾಲಿನ್ ಹೈನ್ಸ್, 1960ರಲ್ಲಿ. ನಮ್ಮ ಶಾರ್ಟ್‌ವೇವ್ ಸಂಕೇತ ಬಾಗಿ ಕೆಳಗಿಳಿಯುವುದು ಇದೇ ಪದರದಿಂದ. ಪದರ ಏರಿದರೆ ಸಂಕೇತದ ದಾರಿ ಉದ್ದವಾಗಿ ಆವರ್ತನ ಕೂದಲೆಳೆಯಷ್ಟು ಇಳಿಯುತ್ತದೆ. ಪದರ ಇಳಿದರೆ ಆವರ್ತನ ಏರುತ್ತದೆ. ನಾವು ಅಳೆಯುವುದು ಇದನ್ನೇ.

ಸ್ಟೇಷನ್ ಆರಿಸಿ

ಆವರ್ತನ ಒಂದಿಷ್ಟೂ ಅಲ್ಲಾಡದ ಸ್ಟೇಷನ್ ಬೇಕು. ಪರಮಾಣು ಗಡಿಯಾರಕ್ಕೆ ಬಿಗಿದ ಸಮಯಸಂಕೇತ ಸ್ಟೇಷನ್‌ಗಳು ಇದಕ್ಕೆ ತಕ್ಕವು. ನಮ್ಮ ಕಡೆ ಹಿಡಿಯಬಹುದಾದದ್ದು ಚೀನಾದ ಬಿಪಿಎಂ. ಶಾನ್‌ಶಿ ಪ್ರಾಂತ್ಯದ ಪುಚೆಂಗ್‌ನಿಂದ 5 ಮತ್ತು 10 ಮೆಗಾಹರ್ಟ್ಸ್‌ಗಳಲ್ಲಿ ಬರುತ್ತದೆ. ಪ್ರತಿ ಗಂಟೆಯ 29 ಮತ್ತು 59ನೇ ನಿಮಿಷದಲ್ಲಿ ಮೋರ್ಸ್‌ನಲ್ಲಿ ಹೆಸರು ಹೇಳಿ, ಚೀನಿ ಹೆಣ್ಣುದನಿಯಲ್ಲಿ ಘೋಷಣೆ ಮಾಡುತ್ತದೆ. ಅದನ್ನು ಕೇಳಿಯೇ ಗುರುತು ಖಚಿತಪಡಿಸಿಕೊಳ್ಳಿ, ಏಕೆಂದರೆ ಅಮೆರಿಕದ ಡಬ್ಲ್ಯುಡಬ್ಲ್ಯುವಿ ಕೂಡ ಇದೇ ಆವರ್ತನಗಳಲ್ಲಿದೆ.

ಪುಚೆಂಗ್‌ನಿಂದ ಬೆಂಗಳೂರಿಗೆ ಸುಮಾರು 4000 ಕಿ.ಮೀ. ಒಂದೇ ಜಿಗಿತದಲ್ಲಿ, ಅಂದರೆ ಒಂದೇ ಸಲ ಮೇಲೇರಿ ಬಾಗಿ ಇಳಿದು ಬಂದರೆ, ಸಂಕೇತ ಬಾಗುವುದು ಈಶಾನ್ಯ ಭಾರತದ ಮೇಲೆ. ಎರಡು ಜಿಗಿತವಾದರೆ ಒಂದು ಒಡಿಶಾ ಕರಾವಳಿಯ ಕಡೆ, ಇನ್ನೊಂದು ಟಿಬೆಟ್ ಪ್ರಸ್ಥಭೂಮಿಯ ಪೂರ್ವದಂಚಿನಲ್ಲಿ. ಬೆಂಗಳೂರಿನ ಮೇಲಿನ ಮಳೆಮೋಡ ನೋಡಿ ‘ಅಲೆ ಇಲ್ಲಿಂದಲೇ ಎದ್ದಿತು’ ಎನ್ನುವ ಆತುರ ಬೇಡ.

ರಿಸೀವರ್ ಸಜ್ಜುಮಾಡಿ

ಮೊದಲ ಸಲಕ್ಕೆ ಇಂಟರ್ನೆಟ್ಟಿನಲ್ಲಿ ಸಾರ್ವಜನಿಕರಿಗೆ ತೆರೆದಿರುವ ಕಿವಿ-ಎಸ್‌ಡಿಆರ್ (ಎಸ್‌ಡಿಆರ್ ಎಂದರೆ ತಂತ್ರಾಂಶದಿಂದ ನಡೆಯುವ ರೇಡಿಯೊ) ರಿಸೀವರ್‌ಗಳೇ ಸಾಕು. ಜಿಪಿಎಸ್ ಜೋಡಿಸಿರುವುದನ್ನು ಆರಿಸಿದರೆ ಅದರ ಗಡಿಯಾರ ತಾನೇ ತಿದ್ದಿಕೊಳ್ಳುತ್ತದೆ. ಕೆಲವು ಮಾಲೀಕರು ಒಬ್ಬರಿಗೆ ಇಷ್ಟೇ ಹೊತ್ತು ಎಂದು ಮಿತಿ ಇಟ್ಟಿರುತ್ತಾರೆ, ನೋಡಿಕೊಳ್ಳಿ. ಸ್ವಂತದ್ದೇ ಬೇಕೆಂದರೆ ಶಾರ್ಟ್‌ವೇವ್ ಹಿಡಿಯುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಮತ್ತು ಟೆರೇಸಿನ ಮೇಲೆ ಕಟ್ಟಿದ ಉದ್ದನೆಯ ತಂತಿ ಸಾಕು.

ಮೋಡ್ ಅಪ್ಪರ್ ಸೈಡ್‌ಬ್ಯಾಂಡ್ ಇರಲಿ. ಡಯಲ್ 10 ಮೆಗಾಹರ್ಟ್ಸ್‌ಗೆ ಬೇಡ, 9999 ಕಿಲೋಹರ್ಟ್ಸ್‌ಗೆ ಇಡಿ. ಆಗ ಸ್ಟೇಷನ್ನಿನ ವಾಹಕ ತರಂಗ 1000 ಹರ್ಟ್ಸ್‌ನ ಶಿಳ್ಳೆಯಾಗಿ ಕೇಳುತ್ತದೆ. ಆ ಶಿಳ್ಳೆಯನ್ನು ಫ್ಲ್‌ಡಿಜಿ ಅಥವಾ ಸ್ಪೆಕ್ಟ್ರಮ್ ಲ್ಯಾಬ್‌ನಂಥ ಉಚಿತ ತಂತ್ರಾಂಶಕ್ಕೆ ಕೊಡಿ. ಫ್ಲ್‌ಡಿಜಿಯ ಆವರ್ತನ ವಿಶ್ಲೇಷಣೆಯ ಮೋಡ್ ಅಂಕಿಗಳನ್ನು ಫೈಲಿಗೆ ಬರೆದಿಡುತ್ತದೆ.

ಎಷ್ಟು ನಿಖರತೆ ಬೇಕು? ನೆಟ್ಟಗೆ ಮೇಲೆ ಹೋಗಿ ಬರುವ 10 ಮೆಗಾಹರ್ಟ್ಸ್ ಸಂಕೇತಕ್ಕೆ, ಪದರ ಸೆಕೆಂಡಿಗೆ 15 ಮೀಟರ್ ಏರಿಳಿದರೆ 1 ಹರ್ಟ್ಸ್ ವ್ಯತ್ಯಾಸ. ನಮ್ಮದು ಓರೆ ದಾರಿ, ಅದರ ಮೂರನೇ ಒಂದು ಭಾಗವೋ ನಾಲ್ಕನೇ ಒಂದು ಭಾಗವೋ ಸಿಕ್ಕೀತು. ಹಾಗಾಗಿ ಸ್ಪೆಕ್ಟ್ರಮ್ ಲ್ಯಾಬ್‌ನಲ್ಲಾದರೆ ಒಂದೊಂದು ಲೆಕ್ಕಕ್ಕೂ 20–30 ಸೆಕೆಂಡಿನ ಧ್ವನಿ ತೆಗೆದುಕೊಳ್ಳುವಂತೆ ಹೊಂದಿಸಿ. ಕಮ್ಮಿ ಎಂದರೂ ಐದಾರು ಗಂಟೆ ಬಿಡದೆ ದಾಖಲಿಸಿ.

ಸುಳ್ಳು ಅಲೆಗಳನ್ನು ಸೋಸಿ

ಕಷ್ಟವೆಲ್ಲ ಇರುವುದು ಇಲ್ಲಿ. ಗ್ರಾಫಿನಲ್ಲಿ ಅಲೆ ಯಾರಿಗೂ ಕಾಣುತ್ತದೆ. ಅದು ಆಕಾಶದ್ದೇ ಎಂದು ಸಾಧಿಸುವುದು ಬೇರೆ ಮಾತು.

ಮೊದಲ ಕಳ್ಳ ನಿಮ್ಮ ಕೋಣೆಯಲ್ಲೇ ಇದ್ದಾನೆ. ಅಗ್ಗದ ಡಾಂಗಲ್‌ನಲ್ಲಿ ಆವರ್ತನ ನಿಗದಿಪಡಿಸುವ ಹರಳು ಬಿಸಿ-ತಂಪಿಗೆ ಅಲ್ಲಾಡುತ್ತದೆ, ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ 10 ಹರ್ಟ್ಸ್ ಹೋಯಿತು. ಎಸಿ ಇಪ್ಪತ್ತು ನಿಮಿಷಕ್ಕೊಮ್ಮೆ ಹತ್ತಿ ಆರಿದರೆ ಗ್ರಾಫಿನಲ್ಲಿ ಇಪ್ಪತ್ತು ನಿಮಿಷದ ಸೊಗಸಾದ ಅಲೆ ಮೂಡುತ್ತದೆ! ಪರೀಕ್ಷೆ ಸುಲಭ: 5 ಮತ್ತು 10 ಮೆಗಾಹರ್ಟ್ಸ್ ಎರಡನ್ನೂ ದಾಖಲಿಸಿ. ಹರಳಿನ ತಪ್ಪಾದರೆ 10ರಲ್ಲಿನ ಓಲಾಟ 5ರದ್ದರ ಸರಿಯಾಗಿ ಎರಡು ಪಟ್ಟು ಇರುತ್ತದೆ, ಒಂದೇ ಕ್ಷಣದಲ್ಲಿ ಏರಿಳಿಯುತ್ತದೆ. ಆಕಾಶ ಇಷ್ಟು ಶಿಸ್ತಾಗಿ ನಡೆದುಕೊಳ್ಳುವುದಿಲ್ಲ.

ಎರಡನೆಯದು ಸೂರ್ಯ. ಬೆಳಗಿನ ಹೊತ್ತು ಪದರ ಕೆಳಗಿಳಿದಂತಾಗಿ ಆವರ್ತನ ಏರುತ್ತದೆ, ಸಂಜೆ ಇಳಿಯುತ್ತದೆ. ಸಂಕೇತ ಬಾಗುವ ಜಾಗ ಪೂರ್ವಕ್ಕಿರುವುದರಿಂದ ಇದು ನಮ್ಮ ಸೂರ್ಯೋದಯಕ್ಕಿಂತ ಸುಮಾರು ಒಂದು ಗಂಟೆ ಮೊದಲೇ ಕಾಣಿಸೀತು. ಇದು ದಿನವೂ ಆಗುವುದು, ಅಲೆಯಲ್ಲ. ಮಾರ್ಚ್–ಏಪ್ರಿಲ್, ಸೆಪ್ಟೆಂಬರ್–ಅಕ್ಟೋಬರ್ ಸಂಜೆಗಳಲ್ಲಿ ಗೆರೆಯೇ ಮಸಿ ಹರಡಿದಂತೆ ಅಗಲವಾಗಬಹುದು. ಕಾಂತೀಯ ಸಮಭಾಜಕದ ಬಳಿ ಸೂರ್ಯಾಸ್ತದ ನಂತರ ಏಳುವ ಪ್ಲಾಸ್ಮಾ ಗುಳ್ಳೆಗಳ (ಪದರದಲ್ಲಿ ವಿದ್ಯುತ್ ಕಣಗಳು ವಿರಳವಾದ ಭಾಗಗಳ) ಕೆಲಸ ಅದು. ಇಂಥ ಗುಳ್ಳೆಗಳಿಗೆ ಬೀಜ ಹಾಕುವವರಲ್ಲಿ ಗುರುತ್ವ ಅಲೆಗಳೂ ಸೇರಿವೆ ಎಂಬುದು ವಿಜ್ಞಾನಿಗಳ ಬಲವಾದ ಶಂಕೆ. ಆ ಸಂಜೆಗಳ ದಾಖಲೆಯಲ್ಲಿ ಅವಧಿ ಲೆಕ್ಕ ಹಾಕಲು ಹೋಗಬೇಡಿ.

ಅವಧಿ ಅಳೆಯಿರಿ

ಉಳಿದ ಅಲೆಯ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಎಷ್ಟು ನಿಮಿಷ? ಹತ್ತಕ್ಕಿಂತ ಬಹಳ ಕಡಿಮೆಯಾದರೆ ಗುರುತ್ವ ಅಲೆಯಾಗಲಾರದು, ಆ ಎತ್ತರದ ಗಾಳಿ ಅಷ್ಟು ಬೇಗ ಓಲಾಡುವುದಿಲ್ಲ. 15 ನಿಮಿಷದಿಂದ ಒಂದು ಗಂಟೆಯಾದರೆ ಮಧ್ಯಮ ಗಾತ್ರದ್ದು, ನೂರಾರು ಕಿ.ಮೀ. ಉದ್ದದ್ದು. ಮೂರು ಗಂಟೆಯವರೆಗೆ ಹಿಗ್ಗಿದ್ದರೆ ದೊಡ್ಡ ಅಲೆ. ಆಗ ಭೂಮಿಯ ಕಾಂತಕ್ಷೇತ್ರದ ಕಲಕನ್ನು ಅಳೆಯುವ ಕೆಪಿ ಸೂಚ್ಯಂಕ ನೋಡಿ, ಕಾಂತೀಯ ಬಿರುಗಾಳಿಯಲ್ಲಿ ಧ್ರುವಪ್ರದೇಶದ ಗಾಳಿ ಕಾದು ಇಂಥವು ಹೊರಡುತ್ತವೆ. 2017ರ ನವೆಂಬರ್ 3ರಂದು ಅಮೆರಿಕದ ಮೇಲೆ ಹೋದ ಸುಮಾರು ಎರಡೂವರೆ ಗಂಟೆ ಅವಧಿಯ ಅಲೆಯೊಂದನ್ನು ವಿಜ್ಞಾನಿಗಳು 14 ಮೆಗಾಹರ್ಟ್ಸ್‌ನ ಹ್ಯಾಮ್ (ಹವ್ಯಾಸಿ ರೇಡಿಯೊ) ಸಂಪರ್ಕಗಳ ದಾಖಲೆಯಿಂದಲೇ ಹೆಕ್ಕಿ ತೆಗೆದಿದ್ದಾರೆ.

ಒಂದೇ ರಿಸೀವರ್ ಅವಧಿ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ಅದಕ್ಕೆ ಒಂದೇ ಗೆರೆಯಲ್ಲಿರದ ಮೂರು ಊರು ಬೇಕು. ಬೆಂಗಳೂರು–ಮಂಗಳೂರು ನಡುವೆ ಸುಮಾರು 300 ಕಿ.ಮೀ., ಒಂದೇ ಜಿಗಿತದ ಲೆಕ್ಕದಲ್ಲಿ ಸಂಕೇತ ಬಾಗುವ ಜಾಗಗಳ ನಡುವೆ ಅದರ ಅರ್ಧ. ಅಲೆ ಅದೇ ಗೆರೆಯಲ್ಲಿ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋದರೆ ಎರಡೂ ಗ್ರಾಫುಗಳ ನಡುವೆ ಹನ್ನೆರಡೂವರೆ ನಿಮಿಷದ ಅಂತರ ಕಾಣಬೇಕು. ಮೂರನೆಯವರು ಕಲಬುರಗಿಯಲ್ಲಿದ್ದರೆ ಒಳ್ಳೆಯದು. ಎಲ್ಲರೂ ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ, ಯುಟಿಸಿಯಲ್ಲೇ (ಜಾಗತಿಕ ಸಮಯದಲ್ಲೇ) ಬರೆದಿಡಿ. ಗ್ರಾಫಿನ ಚಿತ್ರ ಮಾತ್ರ ಇಟ್ಟುಕೊಂಡು ಅಂಕಿಗಳ ಫೈಲನ್ನು ಅಳಿಸಬೇಡಿ.