ಹವ್ಯಾಸ ಬಿಟ್ಟುಹೋಗಬಾರದು ಅಂದ್ರೆ ಅರ್ಧಕ್ಕೇ ಎದ್ದುಬಿಡಿ

ಹೊಲಿಗೆ, ಚಿತ್ರ, ವಾದ್ಯ ಏನೇ ಇರಲಿ, ಪೂರ್ತಿ ಮುಗಿಸಿ ಏಳಬೇಡಿ. ಮುಂದೇನು ಅಂತ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ನಿಲ್ಲಿಸಿ, ಸಾಮಾನನ್ನು ಅಟ್ಟಕ್ಕೆ ಹಾಕದೆ ಕೈಗೆ ಸಿಗುವ ಹಾಗೆ ಇಡಿ. ದುಡಿದು ಬಂದ ಮೇಲೂ ಹತ್ತು ನಿಮಿಷ ಸಿಕ್ಕೇ ಸಿಗುತ್ತದೆ. ಎಲ್ಲಿಂದ ಶುರು ಮಾಡೋದು ಅನ್ನೋದೇ ತಲೆನೋವು, ಅಷ್ಟರಲ್ಲಿ ಕೈ ಮೊಬೈಲಿಗೆ ಹೋಗಿರುತ್ತದೆ. ಕಸೂತಿ ಹಾಕುವವರಿಗಂತೂ ಇದು ಹೇಳಿ ಮಾಡಿಸಿದ ಉಪಾಯ. ಕಸೂತಿಯ ಗವಂತಿ ಅನ್ನೋ ಹೊಲಿಗೆಯಲ್ಲಿ, ಹೋಗುವಾಗ ಬಟ್ಟೆಯ ಎಳೆ ಎಣಿಸಿ, ನಡುವೆ ಜಾಗ ಬಿಟ್ಟು ಹೊಲಿಗೆ ಹಾಕುತ್ತೇವೆ. ವಾಪಸ್ ಬರುವಾಗ ಆ ಖಾಲಿ ಜಾಗ ತುಂಬುತ್ತೇವೆ. ಹೋಗುವ ಸಾಲು ಮುಗಿದ ಕೂಡಲೇ, ಸೂಜಿಯಲ್ಲಿ ದಾರ ಇರುವಂತೆಯೇ ಎದ್ದುಬಿಡಿ. ಮರುದಿನ ಎಣಿಸುವ ಗೋಜೇ ಇಲ್ಲ, ಪಕ್ಕದಲ್ಲಿ ಟಿವಿ ಕಿರುಚುತ್ತಿದ್ದರೂ ಕೈ ನಡೆಯುತ್ತದೆ. ಆಫೀಸಿನಲ್ಲಿ ದಿನವಿಡೀ ಮೇಲ್ ಕಳಿಸಿದರೂ ಮಾಡಿದ್ದು ಕಣ್ಣಿಗೆ ಕಾಣಲ್ಲ. ಇಲ್ಲಿ ಸೆರಗಿನ ಮೇಲೆ ತೇರಿನ ಚಿತ್ತಾರ ಒಂದು ಬೆರಳು ಬೆಳೆದದ್ದು ಕಾಣುತ್ತದೆ. ಫ್ರೇಮ್ ಮಾತ್ರ ರಾತ್ರಿ ಬಿಚ್ಚಿಡಿ, ಇಲ್ಲದಿದ್ದರೆ ಬಟ್ಟೆ ಮೇಲೆ ಉಂಗುರದ ಗುರುತು ಕೂರುತ್ತದೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಸೂಜಿ ಹೊರಗಿಡೋದು ಬೇಡವೇ ಬೇಡ, ಡಬ್ಬಿಗೆ ಹಾಕಿ ಮೇಲಿಡಿ. ಜಲವರ್ಣಕ್ಕೆ ಈ ಉಪಾಯ ಅಷ್ಟಾಗಿ ಒಗ್ಗಲ್ಲ. ಆಕಾಶವನ್ನು ಅರ್ಧ ಬಳಿದು ಬಿಟ್ಟರೆ ಬಣ್ಣ ಒಣಗಿ ಅಂಚು ಎದ್ದು ಕಾಣುತ್ತದೆ. ಅಂಥದ್ದನ್ನು ಒಂದೇ ಸಲ ಮುಗಿಸಿ, ಮುಂದಿನ ಚಿತ್ರದ ಪೆನ್ಸಿಲ್ ಗೆರೆ ಎಳೆದಿಟ್ಟು ಏಳಿ.