ಹೆಸರು ಸಿಕ್ಕಿತು, ಸಿಪಾಯಿ ಸಿಗಲಿಲ್ಲ

ನನ್ನ ಗಂಡನ ಮನೆತನ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯದು. ಜರ್ಮನಿಯಿಂದ ಬಂದು ನೆಲೆಸಿದ ರೈತರ ಪೀಳಿಗೆ. ಅವರ ಮೂಲಪುರುಷ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ, 1777ರ ಚಳಿಗಾಲವನ್ನು ಜಾರ್ಜ್ ವಾಷಿಂಗ್ಟನ್ ಸೈನ್ಯದೊಂದಿಗೆ ವ್ಯಾಲಿ ಫೋರ್ಜ್ ಬಿಡಾರದಲ್ಲಿ ಕಳೆದನೆಂಬುದು ಮನೆಯಲ್ಲಿ ನಡೆದುಬಂದ ಮಾತು.

ಅದು ನಿಜವೇ ಎಂದು ಹುಡುಕಹೊರಟಾಗ ಸೈನ್ಯದ ಕಡತಕ್ಕೆ ನಾನು ಮೊದಲೇ ಕೈಹಾಕಲಿಲ್ಲ. ಬರೀ ಹೆಸರು ನಂಬಿದರೆ ಬೇರೆ ಯಾರನ್ನೋ ಹಿಡಿದುಬಿಡಬಹುದು. ಅಲ್ಲಿನ ಜರ್ಮನರಲ್ಲಿ ಅಣ್ಣತಮ್ಮಂದಿರಿಗೆಲ್ಲ ಯೋಹಾನ್ ಎಂದೇ ಮೊದಲ ಹೆಸರಿಟ್ಟು, ಎರಡನೆಯ ಹೆಸರಿನಿಂದ ಕರೆಯುವ ರೂಢಿಯಿತ್ತು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಪಟ್ಟಿಯಲ್ಲಿ ಸೀನಿಯರ್, ಜೂನಿಯರ್ ಎಂದಿದ್ದರೂ ಅವರು ಅಪ್ಪ-ಮಗನೇ ಆಗಿರಬೇಕಿಲ್ಲ. ದಾಯಾದಿಗಳಿರಬಹುದು, ಸಂಬಂಧವೇ ಇಲ್ಲದವರೂ ಇರಬಹುದು. 1790ರಲ್ಲಿ ಶುರುವಾದ ಜನಗಣತಿಯಲ್ಲಿ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ತಲೆಲೆಕ್ಕ. ಹಾಗಾಗಿ ಕೈಹಿಡಿದದ್ದು ತೆರಿಗೆ ಪಟ್ಟಿ ಮತ್ತು ಉಯಿಲು. ಮೂಲಪುರುಷನ 1798ರ ಉಯಿಲಿನಲ್ಲಿ ಹೆಂಡತಿ ಮಕ್ಕಳ ಹೆಸರೆಲ್ಲ ಸಿಕ್ಕವು. ಅವನು ಸತ್ತ ಮೇಲೆ ನೆರೆಯವರಿಬ್ಬರು ಮನೆಯೊಳಗೆಲ್ಲ ಓಡಾಡಿ ಬರೆದ ಆಸ್ತಿಪಟ್ಟಿಯೂ ಇತ್ತು: ಕುದುರೆಗಳು, ನೇಗಿಲು, ನೂಲುವ ರಾಟೆ, ಕಬ್ಬಿಣದ ಒಲೆ, ಜರ್ಮನ್ ಬೈಬಲ್, ಎಲ್ಲಕ್ಕೂ ಪೌಂಡು ಶಿಲ್ಲಿಂಗಿನಲ್ಲಿ ಬೆಲೆ. ಬಂದೂಕಿನ ಸುಳಿವಿಲ್ಲ.

ಯುದ್ಧ ಇಲಾಖೆಯ ಕಚೇರಿಗೆ 1800ರ ನವೆಂಬರಿನಲ್ಲಿ ಬೆಂಕಿ ಬಿದ್ದು ಹಳೆಯ ಕಾಗದಗಳು ಬಹುಪಾಲು ಸುಟ್ಟುಹೋದವು. ಹಾಗಾಗಿ ಪಿಂಚಣಿ ಅರ್ಜಿಗಳಿಗೆ ಅಷ್ಟು ಬೆಲೆ. ಬಡ ಸೈನಿಕರಿಗೆಂದು 1818ರಲ್ಲಿ, ಕನಿಷ್ಠ ಆರು ತಿಂಗಳು ಸೇವೆ ಮಾಡಿದವರಿಗೆಂದು 1832ರಲ್ಲಿ ಕಾನೂನು ಬಂದವು. ಎಪ್ಪತ್ತು ದಾಟಿದ ಮುದುಕರು ನ್ಯಾಯಾಲಯದಲ್ಲಿ ನಿಂತು, ಕ್ಯಾಪ್ಟನ್ ಯಾರು, ದಾಟಿದ ಹೊಳೆ ಯಾವುದು ಎಂದು ನೆನಪಿನಿಂದ ಹೇಳಿದ್ದಾರೆ. ಮದುವೆಗೆ ಸಾಕ್ಷಿಯಾಗಿ ವಿಧವೆಯರು ಬೈಬಲ್ಲಿನ ಹಾಳೆಯನ್ನೇ ಹರಿದು ಲಗತ್ತಿಸಿದ್ದಾರೆ. ಓದಲು ಕೂತರೆ ಬಂದ ಕೆಲಸವೇ ಮರೆತುಹೋಗುತ್ತದೆ. ನಮ್ಮವನ ಹೆಸರಿನದೂ ಒಂದು ಕಡತ ಸಿಕ್ಕಿತು. ಬ್ರಾಂಡಿವೈನ್ ಕದನ, ವ್ಯಾಲಿ ಫೋರ್ಜ್ ಎಲ್ಲವೂ ಅದರಲ್ಲಿತ್ತು. ಆದರೆ ಅರ್ಜಿದಾರ 1832ರಲ್ಲಿ ಒಹಾಯೋದಲ್ಲಿ ಬದುಕಿದ್ದ. ನಮ್ಮವನು ಮಣ್ಣು ಸೇರಿ ಮೂವತ್ತು ವರ್ಷ ದಾಟಿತ್ತು. ಹೆಂಡತಿಯ ಹೆಸರೂ ಬೇರೆ. ಯಾರೋ ಹಿಂದೆ ಇಬ್ಬರನ್ನು ಒಬ್ಬನಾಗಿಸಿ ವಂಶವೃಕ್ಷ ಬರೆದಿದ್ದರು.

ಕಡತವಿಲ್ಲ ಎಂದಮಾತ್ರಕ್ಕೆ ಅವನು ಯುದ್ಧಕ್ಕೆ ಹೋಗಲಿಲ್ಲ ಎನ್ನಲಾಗದು. ಪಿಂಚಣಿ ಬರುವ ಹೊತ್ತಿಗೆ ಅವನೇ ಇರಲಿಲ್ಲ. ‘ಪೆನ್ಸಿಲ್ವೇನಿಯಾ ಆರ್ಕೈವ್ಸ್’ ಎಂಬ ಮುದ್ರಿತ ಸಂಪುಟಗಳಲ್ಲಿ ಮಿಲಿಷಿಯಾ, ಅಂದರೆ ಊರಿನ ಗಂಡಸರ ಸ್ಥಳೀಯ ಪಡೆಯ, ಪಟ್ಟಿಗಳಿವೆ. ಅಲ್ಲಿ ಅದೇ ಊರಿನಲ್ಲಿ, ತೆರಿಗೆ ಪಟ್ಟಿಯಲ್ಲಿ ಕಂಡ ನೆರೆಹೊರೆಯವರ ನಡುವೆಯೇ ಅವನ ಹೆಸರಿತ್ತು, ಐದನೆಯ ತರಗತಿ ಎಂದು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನಾನೇ ತಣ್ಣೀರು ಎರಚಬೇಕಾಯಿತು. 1777ರ ಕಾನೂನಿನಂತೆ 18ರಿಂದ 53 ವಯಸ್ಸಿನ ಬಿಳಿಯ ಗಂಡಸರು ಆ ಪಟ್ಟಿಗೆ ಸೇರಲೇಬೇಕಿತ್ತು. ಪ್ರತಿ ಕಂಪನಿಯನ್ನು ಎಂಟು ತರಗತಿ ಮಾಡಿ, ಸರದಿ ಬಂದ ತರಗತಿಯನ್ನು ಎರಡು ತಿಂಗಳ ಮಟ್ಟಿಗೆ ಕರೆಯುತ್ತಿದ್ದರು. ಹೋಗಲೊಲ್ಲದವನು ಬದಲಿ ಆಳನ್ನು ಗೊತ್ತುಮಾಡಬಹುದಿತ್ತು, ಇಲ್ಲವೇ ದಂಡ ತೆರಬೇಕಿತ್ತು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಮತ ಹಾಕಿದನೆಂದು ಆಗುತ್ತದೆಯೇ? ಇದೂ ಹಾಗೆಯೇ.

ವಂಶವೃಕ್ಷದಲ್ಲಿ ಈಗ ‘ಮಿಲಿಷಿಯಾ ಪಟ್ಟಿಯಲ್ಲಿ ಹೆಸರಿದೆ, ಯುದ್ಧಕ್ಕೆ ಹೋದ ಪುರಾವೆ ಸಿಕ್ಕಿಲ್ಲ’ ಎಂದು ಬರೆದಿದ್ದೇನೆ. ದಂಡದ ಲೆಕ್ಕಪತ್ರಗಳು ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರದಲ್ಲಿವೆ. ಅವನ್ನು ಇನ್ನು ನೋಡಬೇಕು. ದಂಡ ಕಟ್ಟಿದವರ ಸಾಲಿನಲ್ಲಿ ಅವನು ಸಿಕ್ಕರೆ, ಮನೆಯವರಿಗೆ ಹೇಳುವ ಕೆಲಸ ನನ್ನ ಗಂಡನದು.