ಗಮಕ ಬಿಟ್ಟು ನುಡಿಸಿದ ಹಾಡು

ನಾನು ಕರ್ನಾಟಕ ಶೈಲಿಯಲ್ಲಿ ವಯಲಿನ್ ನುಡಿಸುವವಳು. ಹದಿನೆಂಟು ವರ್ಷದ ಅಭ್ಯಾಸ. ಹೋದ ವರ್ಷ ಮಗಳು ವೆಸ್ಟರ್ನ್ ವಯಲಿನ್ ಕ್ಲಾಸಿಗೆ ಸೇರಿದಳು. ಅವಳು ಕಲಿಯುವ ಸುಜುಕಿ ಪದ್ಧತಿಯ ಮೊದಲ ಪಾಠಪುಸ್ತಕದಲ್ಲಿ 'ಲಾಂಗ್, ಲಾಂಗ್ ಅಗೋ' ಅಂತ ಒಂದು ಪುಟ್ಟ ಹಾಡಿದೆ. ಮನೆಯಲ್ಲಿ ಹೇಳಿಕೊಡೋಣ ಅಂತ ಕೂತೆ. ನೋಡಿದರೆ ಸ ಇಂದ ದ ತನಕ ಆರೇ ಸ್ವರ, ನಿಷಾದ, ಅಂದರೆ ನಿ, ಬರುವುದೇ ಇಲ್ಲ, ಎಲ್ಲವೂ ಶಂಕರಾಭರಣ ರಾಗದ ಸ್ವರಗಳೇ. ಐದು ನಿಮಿಷದ ಕೆಲಸ ಅಂದುಕೊಂಡಿದ್ದು ಹದಿನೈದು ದಿನ ಹಿಡಿಯಿತು.

ಮೊದಲ ಸಾಲು ಹೀಗಿದೆ: ಸಾ ಸರಿ ಗಾ ಗಮ ಪಾ ದಪ ಗಾ. ಆದಿ ತಾಳದ ಒಂದು ಆವರ್ತನಕ್ಕೆ, ಅಂದರೆ ಎಂಟು ಎಣಿಕೆಯ ಒಂದು ಸುತ್ತಿಗೆ, ಸರಿಯಾಗಿ ಕೂರುತ್ತದೆ. ಆದರೆ ಮ ಬಂದ ಕೂಡಲೇ ನನ್ನ ಬೆರಳು ತಾನಾಗಿಯೇ ಅಲುಗುತ್ತಿತ್ತು. ಸ್ವರವನ್ನು ಹೀಗೆ ಅಲುಗಿಸುವುದಕ್ಕೇ ನಮ್ಮಲ್ಲಿ ಗಮಕ ಅನ್ನುವುದು. "ಅಮ್ಮಾ, ಅದ್ಯಾಕೆ ಅಲ್ಲಾಡ್ತಿದೆ? ಸುಮ್ನೆ ನಿಲ್ಸು" ಅಂದಳು ಮಗಳು. ನಿಲ್ಲಿಸುವುದೇ ಕಷ್ಟ ಅಂತ ಆಗ ಗೊತ್ತಾಯಿತು.

ತಂಬೂರಿ ಹಾಕಿಕೊಂಡು ಒಂದೊಂದು ಸ್ವರವನ್ನೂ ನಾಲ್ಕು ಎಣಿಕೆ ಹಿಡಿದೆ. ಒಂದು ಸ್ವರಕ್ಕೆ ಒಂದೇ ಕಮಾನು. ಬೆರಳು ಒತ್ತಿದ ಜಾಗ ಬಿಟ್ಟು ಕದಲಬಾರದು. ಗಮಕ ಇಲ್ಲದಿದ್ದರೆ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕೇಳಿಸುತ್ತದೆ, ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ. ಮೂರು ದಿನ ಬರೀ ಮ ಮತ್ತು ರಿ ನುಡಿಸಿದೆ.

ಈ ಹಾಡನ್ನು ಬರೆದವರು ಥಾಮಸ್ ಹೇನ್ಸ್ ಬೇಲಿ, 1797ರಲ್ಲಿ ಇಂಗ್ಲೆಂಡಿನ ಬಾತ್ ಊರಲ್ಲಿ ಹುಟ್ಟಿದವರು. ವಕೀಲಿಕೆ ಬೇಡ ಅಂದರು, ಪಾದ್ರಿಯಾಗುವ ಓದನ್ನೂ ಬಿಟ್ಟರು, ಹಾಡು ಬರೆದರು. ಅವರ ಎಷ್ಟೋ ಪದ್ಯಗಳಿಗೆ ಹೆನ್ರಿ ಬಿಷಪ್ ಥರದ ಸಂಗೀತಗಾರರು ರಾಗ ಹಾಕಿದ್ದಾರೆ, ಆದರೆ ಈ ಹಾಡಿನ ಮಾತು, ಧಾಟಿ ಎರಡೂ ಅವರದೇ. ಆಮೇಲೆ ಹಣವೆಲ್ಲ ಹೋಗಿ, ಹೊಟ್ಟೆಪಾಡಿಗೆ ರಂಗಭೂಮಿಗೆ ಒಂದರ ಮೇಲೊಂದು ನಾಟಕ ಬರೆದು, 1839ರಲ್ಲಿ ತೀರಿಕೊಂಡರು. 1833ರಲ್ಲಿ ಬರೆದ ಈ ಹಾಡು ಅಚ್ಚಾಗಿದ್ದು ಅವರು ಹೋದ ಮೇಲೆ ಅನ್ನುತ್ತಾರೆ. ಅವರು ನೋಡಲೇ ಇಲ್ಲ. ನನಗೆ ಇದು ತುಂಬಾ ಸಂಕಟ ಅನ್ನಿಸುತ್ತದೆ.

ಬಹಳ ದಿನದ ಮೇಲೆ ಸಿಕ್ಕ ಪ್ರೀತಿಯವರ ಹತ್ತಿರ "ಆ ಹಳೇ ಕಥೆ ಮತ್ತೆ ಹೇಳು" ಅಂತ ಕೇಳುವ ಹಾಡು ಇದು. 'ತುಂಬಾ ಹಿಂದೆ' ಅನ್ನುವ ಮಾತು ಬರುವಲ್ಲಿ ಧಾಟಿ ಪ-ಮ-ಗ ಅಂತ ಇಳಿದು, ಮತ್ತೆ ಮ-ಗ-ರಿ ಅಂತ ಇಳಿದು, ರಿ ಮೇಲೆ ನಿಂತುಬಿಡುತ್ತದೆ. ಷಡ್ಜಕ್ಕೆ, ಅಂದರೆ ಮೂಲ ಸ್ವರವಾದ ಸ-ಗೆ, ಬರುವುದಿಲ್ಲ. ಅಲ್ಲಿ ನಾನು ಮೊದಲೆಲ್ಲ ರಿ ಅನ್ನು ಅಲುಗಿಸಿ ದುಃಖ ತರಿಸುತ್ತಿದ್ದೆ. ಬೇಕಾಗಿಯೇ ಇಲ್ಲ. ನೇರ ಹಿಡಿದು, ಕಮಾನಿನ ಒತ್ತಡ ಮೆಲ್ಲಗೆ ಕಮ್ಮಿ ಮಾಡಿದರೆ ಸಾಕು, ಎದೆ ತುಂಬಿ ಬರುತ್ತದೆ.

ಈಗ ನನ್ನ ಷಡ್ಜವನ್ನು ವೆಸ್ಟರ್ನ್ ಸಂಗೀತದ ಡಿ ಸ್ವರಕ್ಕೆ ಇಟ್ಟುಕೊಂಡಿದ್ದೇನೆ. ಅವಳೂ ತನ್ನ ಡಿ ತಂತಿಯಿಂದಲೇ ಶುರು ಮಾಡುತ್ತಾಳೆ, ಅದರ ಮೇಲಿನ ತಂತಿ ಇಬ್ಬರಿಗೂ ಪಂಚಮದ್ದೇ, ಅಂದರೆ ಪ, ಹಾಗಾಗಿ ಬೆರಳುಗಳ ಜಾಗವೂ ಒಂದೇ. ಅವಳು ಗಲ್ಲಕ್ಕೆ ಆನಿಸಿ ನಿಂತುಕೊಂಡು, ನಾನು ಪಾದಕ್ಕೆ ಆನಿಸಿ ಕೆಳಗೆ ಕೂತುಕೊಂಡು. ಆ ರಿ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೇ ಕಮಾನು ಎತ್ತುತ್ತೇವೆ.